ಟಾರ್ಜನ್‌ನನ್ನು ಮತ್ತೆ ಓದುತ್ತಾ

ಮೊಮ್ಮಗನಿಗೆ ಕೊಡೋಣವೆಂದು ಎಡ್ಗರ್ ರೈಸ್ ಬರೋಸ್‌ನ ಟಾರ್ಜನ್ ಕಾದಂಬರಿಗಳಲ್ಲಿ ಮೊದಲ ಮೂರನ್ನು ಕಳೆದ ತಿಂಗಳು ತರಿಸಿದೆ. ಕೊಡುವ ಮುನ್ನ ನಾನೇ ಒಮ್ಮೆ ಓದಬೇಕೆನ್ನಿಸಿತು. ಹೈಸ್ಕೂಲಿನ ದಿನಗಳಲ್ಲಿ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಅರ್ಥವಾಗದ್ದನ್ನು ಹಾರಿಸುತ್ತಾ ಓದಿದ ಪುಸ್ತಕಗಳವು. ಏನೇನನ್ನು ಹಾರಿಸಿದ್ದೆ ಎಂಬುದು ಈಗ ತಿಳಿಯಿತು.

1912ರಲ್ಲಿ ಪತ್ರಿಕೆಯಲ್ಲಿ ಬಂದು 1914ರಲ್ಲಿ ಪುಸ್ತಕವಾದ ಮೊದಲ ಕಾದಂಬರಿಯಲ್ಲಿ ಅಂದೂ ಇಂದೂ ನನ್ನನ್ನು ಸೆಳೆದದ್ದು ಸಿಂಹದೊಡನೆ ಕಾದಾಟವಲ್ಲ. ವಾನರರ ನಡುವೆ ಬೆಳೆದ ಬಾಲಕ, ತೀರಿಹೋದ ತಂದೆ ಕಟ್ಟಿದ್ದ ಗುಡಿಸಲನ್ನು ಹೊಕ್ಕು ಅಲ್ಲಿದ್ದ ಚಿತ್ರಪುಸ್ತಕಗಳನ್ನು ತೆರೆಯುತ್ತಾನೆ. ಅಕ್ಷರಗಳು ಅವನಿಗೆ ಚಿಕ್ಕ ಹುಳುಗಳು. ಯಾವ ಚಿತ್ರದ ಬಳಿ ಯಾವ ಹುಳುಗಳು ಸೇರುತ್ತವೆ ಎಂದು ವರ್ಷಗಟ್ಟಲೆ ನೋಡಿ ನೋಡಿ ಓದು ಕಲಿಯುತ್ತಾನೆ. ಇಂಗ್ಲಿಷನ್ನು ಓದಬಲ್ಲ, ಬರೆಯಬಲ್ಲ, ಆಡಲಾರ. ಅವನು ಮೊದಲು ಮಾತನಾಡಲು ಕಲಿತ ಮನುಷ್ಯಭಾಷೆ ಫ್ರೆಂಚ್! ನಾವು ಬಿ.ಎಡ್.ನಲ್ಲಿ ಕಲಿತ ಬೋಧನಾಶಾಸ್ತ್ರ ಇದನ್ನು ಒಪ್ಪಲಾರದು. ಆದರೂ ಉಪಾಧ್ಯಾಯರಿಲ್ಲದ ಆ ಪಾಠಶಾಲೆಯನ್ನು ಕಂಡು ಈ ನಿವೃತ್ತ ಉಪಾಧ್ಯಾಯನಿಗೆ ಹಿಗ್ಗಾಯಿತು. ಇಂಥ ಓದುಗನನ್ನು ಸಿನಿಮಾದವರು ಎರಡು ಮಾತು ಜೋಡಿಸಲಾರದವನನ್ನಾಗಿ ಮಾಡಿದ್ದು ಅನ್ಯಾಯ.

ಬರೋಸ್ ಆಫ್ರಿಕೆಗೆ ಹೋದವನೇ ಅಲ್ಲ. ಪತ್ರಿಕೆಯಲ್ಲಿ ಆ ಕಾಡಿಗೆ ಹುಲಿಯನ್ನೂ ತಂದಿದ್ದ. ಪುಸ್ತಕವಾಗುವಾಗ ಅದು ಹೆಣ್ಣುಸಿಂಹವಾಯಿತು. ಹುಲಿಯ ತಪ್ಪನ್ನು ತಿದ್ದಿದವನು ಮನುಷ್ಯರ ವಿಷಯದಲ್ಲಿ ತಿದ್ದಿಕೊಳ್ಳಲಿಲ್ಲ.

ಟಾರ್ಜನ್‌ನ ಸಾಕುತಾಯಿ, ಕಾಲಾ ಎಂಬ ಹೆಣ್ಣುವಾನರವನ್ನು, ಹೊಸದಾಗಿ ಬಂದು ನೆಲೆಸಿದ ಹಳ್ಳಿಯವನೊಬ್ಬ ವಿಷಬಾಣದಿಂದ ಕೊಲ್ಲುತ್ತಾನೆ. ಟಾರ್ಜನ್ ಸೇಡು ತೀರಿಸಿಕೊಳ್ಳುತ್ತಾನೆ, ಸರಿ. ಅಷ್ಟಕ್ಕೆ ನಿಲ್ಲದೆ, ಮರದ ಮೇಲಿಂದ ಕುಣಿಕೆ ಬೀಸಿ ಆ ಊರವರನ್ನು ಕೊಲ್ಲುವುದು, ಅವರ ಬಾಣಗಳನ್ನು ಕದಿಯುವುದು, ಅವರು ಬೆದರಿದ್ದನ್ನು ಕಂಡು ನಲಿಯುವುದು ಅವನಿಗೆ ಆಟವಾಗುತ್ತದೆ. ಅಂದು ನಾನೂ ನಕ್ಕಿದ್ದೆ. ಹಾಗೆ ನಕ್ಕ ಹುಡುಗನ ಮೈಬಣ್ಣವೇನೆಂದು ನಿಮಗೆಲ್ಲ ಗೊತ್ತು. ವಾನರಭಾಷೆಯಲ್ಲಿ ಟಾರ್ಜನ್ ಎಂದರೆ ಬಿಳಿ ಚರ್ಮದವನು. ಅದನ್ನು ಓದಿಯೂ ನಾನು ಕುಣಿಕೆಯ ಮೇಲಿನ ತುದಿಯಲ್ಲೇ ಕುಳಿತಿದ್ದೆ.

ಆ ಊರವರು ಅಲ್ಲಿಗೆ ಬಂದದ್ದಾದರೂ ಏಕೆ? ರಬ್ಬರು ಮತ್ತು ದಂತಕ್ಕಾಗಿ ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡನ ಕಡೆಯವರು ಕೊಟ್ಟ ಹಿಂಸೆ ತಾಳಲಾರದೆ ಕಾಂಗೋದಿಂದ ಓಡಿಬಂದವರು ಅವರು. ಇದು ನನ್ನ ಸಂಶೋಧನೆಯಲ್ಲ, ಕಾದಂಬರಿಯಲ್ಲಿಯೇ ಇದೆ. ಆ ದೊರೆಯ ಹೆಸರನ್ನೂ ಲೇಖಕ ಬರೆದಿದ್ದಾನೆ. 1885ರಿಂದ 1908ರವರೆಗೆ ಕಾಂಗೋ ಆ ದೊರೆಯ ಸ್ವಂತ ಆಸ್ತಿಯಂತಿತ್ತು. ಕೈ ಕತ್ತರಿಸಿಕೊಂಡ ಅಲ್ಲಿನ ಜನರ ಛಾಯಾಚಿತ್ರಗಳು ಆಗಲೇ ಯೂರೋಪು ಅಮೆರಿಕೆಗಳಲ್ಲಿ ಪ್ರಚಾರವಾಗಿದ್ದವು. ಇಷ್ಟನ್ನು ಬಲ್ಲ ಲೇಖಕ, ಹಾಗೆ ಓಡಿಬಂದವರನ್ನೇ ನರಭಕ್ಷಕರನ್ನಾಗಿಸಿ ನಗೆಪಾಟಲು ಮಾಡಿದನಲ್ಲ, ಅದು ನನ್ನನ್ನು ಕಾಡುತ್ತಿದೆ. ಅಂದು ನಾನು ಹಾರಿಸಿದ್ದು ಈ ಸಾಲುಗಳನ್ನೇ.

"ಹಾಗಿದ್ದ ಮೇಲೆ ಮಗುವಿಗೆ ಯಾಕಪ್ಪಾ ಕೊಡ್ತೀರಿ?" ಎಂದು ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆದರೆ ಪುಸ್ತಕವನ್ನು ಬಚ್ಚಿಡುವುದಾಗಲಿ, ಕೆಟ್ಟದ್ದನ್ನು ಕತ್ತರಿಸಿ ಕೊಡುವುದಾಗಲಿ ನನಗೆ ಒಪ್ಪಿಗೆಯಿಲ್ಲ. ಕತ್ತರಿಸಿದರೆ ಲಿಯೋಪೋಲ್ಡನೂ ಹೋಗುತ್ತಾನೆ. ಒಬ್ಬನೇ ಓದಲೆಂದು ಬಿಟ್ಟರೆ ನನ್ನಂತೆಯೇ ಹಾರಿಸುತ್ತಾನೆ. ಆದ್ದರಿಂದ ದಿನಕ್ಕೊಂದು ಅಧ್ಯಾಯದಂತೆ ಇಬ್ಬರೂ ಕೂಡಿ ಓದುತ್ತಿದ್ದೇವೆ. ಹುಳುಗಳ ಪಾಠ ಮುಗಿದಿದೆ. ಹುಡುಗ ಅದನ್ನು ಎರಡು ಸಲ ಓದಿಸಿದ. ಭಾನುವಾರದ ಹೊತ್ತಿಗೆ ಆ ಹಳ್ಳಿ ಬರುತ್ತದೆ.