‘ಇತರೆ’ ಎಂಬ ಅಕ್ಕಿ

2023ರಲ್ಲಿ ಭಾರತದ ಸುಂಕದ ಪಟ್ಟಿಯಲ್ಲಿ 1006 30 90 ಎಂಬುದೊಂದು ಸಂಖ್ಯೆಯಿತ್ತು. ಅದರೆದುರಿಗೆ ಬರೆದಿದ್ದ ಹೆಸರು ‘ಇತರೆ’. ಕುಸುಬಲಕ್ಕಿಗೊಂದು, ಬಾಸ್ಮತಿಗೊಂದು ಸಂಖ್ಯೆಯನ್ನು ದಯಪಾಲಿಸಿದ ಮೇಲೆ, ಗಂಗಾವತಿ ಸಿಂಧನೂರುಗಳ ಸೋನಾಮಸೂರಿಯಿಂದ ಹೆಸರಿಲ್ಲದ ದಪ್ಪಕ್ಕಿಯವರೆಗೆ ಉಳಿದ ಬಿಳಿಯಕ್ಕಿಯೆಲ್ಲವನ್ನೂ ಒಂದೇ ಗೋಣಿಗೆ ಸುರಿದು ಬಾಯಿ ಹೊಲಿದಂತಿತ್ತು ಆ ಶಬ್ದ. ಆ ವರ್ಷದ ಜುಲೈ 20ರ ರಫ್ತು ನಿಷೇಧದ ಆಜ್ಞೆ ಬಿದ್ದದ್ದು ಈ ಗೋಣಿಯ ಮೇಲೆಯೇ. ಎಂಟು ದಿನಗಳೊಳಗೆ ಸಂಯುಕ್ತ ಅರಬ್ ಸಂಸ್ಥಾನವೂ ತನ್ನ ನೆಲದಿಂದ ಅಕ್ಕಿ ಹೊರಗೆ ಹೋಗದಂತೆ ನಾಲ್ಕು ತಿಂಗಳ ತಡೆಯನ್ನು ವಿಧಿಸಿತು.

ಸ್ವದೇಶದ ಹಸಿವು ಮೊದಲು ಎಂಬ ನ್ಯಾಯವನ್ನು ನಾನು ಅಲ್ಲಗಳೆಯತಕ್ಕವನಲ್ಲ. ಅದೇ ಜುಲೈಯಲ್ಲಿ ಅನ್ನಭಾಗ್ಯಕ್ಕೆ ಅಕ್ಕಿ ಸಾಲದೆ ಕರ್ನಾಟಕ ಸರ್ಕಾರ ಕಿಲೋಗೆ 34 ರೂಪಾಯಿಯ ಲೆಕ್ಕದಲ್ಲಿ ಹಣವನ್ನೇ ಹಂಚಬೇಕಾಯಿತಷ್ಟೆ. ನನ್ನ ತಕರಾರಿರುವುದು, ಅಕ್ಕಿಯೆಂಬುದು ಒಂದೇ, ಆದುದರಿಂದ ಅದರ ಬೇಡಿಕೆಯೂ ಒಂದೇ ಎಂಬ ಗಣಿತದೊಡನೆ.

ಆ ಆಗಸ್ಟಿನಲ್ಲಿ ದುಬೈಯ ಕರಾಮದ ಅಂಗಡಿಯೊಂದರಲ್ಲಿ, ಪುತ್ತೂರಿನ ಕಡೆಯ ಹುಡುಗನೊಬ್ಬನು ಸೋನಾಮಸೂರಿಯ ಬರಿದಾದ ಕಪಾಟಿನ ಮುಂದೆ ನಿಂತಿದ್ದನು. ಕಾಸರಗೋಡಿನವರಾದ ಅಂಗಡಿಯ ಹಿರಿಯರು ಬಾಸ್ಮತಿಯ ಚೀಲವನ್ನು ತೋರಿಸಿದರು. “ಇದರಲ್ಲಿ ಸಾರನ್ನ ಆಗ್ತದಾ ಅಣ್ಣಾ? ಉದುರುದುರು. ಬೆಳ್ತಿಗೆ ಇಲ್ಲದಿದ್ರೆ ಮಟ್ಟವೇ ಕೊಡಿ, ಗಂಜಿಯಾದ್ರೂ ಆಗ್ತದೆ” ಎಂದು ಅವನು ಐದು ಕಿಲೋ ಮಟ್ಟವೆಂಬ ಕುಸುಬಲಕ್ಕಿಯನ್ನು ಹೊತ್ತು ನಡೆದನು. ಅಂಗಡಿಯ ಲೆಕ್ಕಕ್ಕೆ ಅವನು ಮಟ್ಟದ ಗಿರಾಕಿ. ಅವನು ಕೇಳಬಂದಿದ್ದ ಅಕ್ಕಿ ಯಾವ ಪುಸ್ತಕಕ್ಕೂ ಏರಲಿಲ್ಲ. ಮುಂದೆ ಸಿಗದೆಂದು ಹೆದರಿ ಮೂರು ಚೀಲ ಒಯ್ದ ಮತ್ತೊಬ್ಬನ ಭಯವಾದರೋ ಬೇಡಿಕೆಯೆಂದೇ ದಾಖಲಾಯಿತು. ಮಾರಾಟದ ಅಂಕಿಗಳನ್ನೇ ಬೇಡಿಕೆಯೆಂದು ನಂಬುವ ಅಧಿಕಾರಿಯು ಅಂದಾಜು ಮಾಡುತ್ತಿರುವುದು ಕಪಾಟನ್ನೇ ಹೊರತು ಜನರನ್ನಲ್ಲ.

ಅರ್ಥಶಾಸ್ತ್ರಕ್ಕೆ ಇದು ತಿಳಿಯದ ವಿಷಯವೂ ಅಲ್ಲ. ಕೊಳ್ಳುವವನ ಬಯಕೆ ವಸ್ತುವಿನ ಗುಣಗಳ ಮೇಲೆ ನೆಟ್ಟಿರುತ್ತದೆಂದು ಕೆಲ್ವಿನ್ ಲ್ಯಾಂಕಾಸ್ಟರ್ 1966ರಲ್ಲಿಯೇ ಪ್ರತಿಪಾದಿಸಿದನು. 2001ರಲ್ಲಿ ಅವಿವ್ ನೆವೊ ಎಂಬ ವಿದ್ವಾಂಸನು, ಅಮೆರಿಕದವರು ಬೆಳಗ್ಗೆ ಹಾಲಿಗೆ ಸುರಿದುಕೊಳ್ಳುವ ಧಾನ್ಯದ ತಿಂಡಿಯ ಒಂದು ಮಾರ್ಕಿನ ಬೆಲೆ ಏರಿದರೆ ಜನ ಯಾವ ಮಾರ್ಕಿಗೆ ಸರಿಯುತ್ತಾರೆಂಬುದನ್ನು ಬಿಡಿಬಿಡಿಯಾಗಿ ಅಳೆದು ತೋರಿಸಿದನು. ತಿಂಡಿಯ ಡಬ್ಬಿಗೆ ಸಂದ ಗೌರವ ಎರಡು ಹೊತ್ತಿನ ಅನ್ನಕ್ಕೆ ಸಲ್ಲಬಾರದೇಕೆ?

2023ರ ಸೆಪ್ಟೆಂಬರಿನಲ್ಲಿ ಭಾರತವು ರಾಷ್ಟ್ರೀಯ ಸಹಕಾರಿ ರಫ್ತು ಸಂಸ್ಥೆಯ ಮೂಲಕ 75,000 ಟನ್ ಅಕ್ಕಿಯನ್ನು ಸಂಯುಕ್ತ ಅರಬ್ ಸಂಸ್ಥಾನಕ್ಕೆ ಕಳುಹಿಸಲು ಅನುಮತಿಸಿತು. ಔದಾರ್ಯವೇ ಸರಿ, ಆದರೆ ಅಪ್ಪಣೆಯಲ್ಲಿದ್ದದ್ದು ಅದೇ ‘ಇತರೆ’. 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೊಲಗಿತು, ದೃಷ್ಟಿ ಮಾತ್ರ ಬದಲಾಗಲಿಲ್ಲ. 2025ರ ಜನವರಿ 2ರಿಂದ ಆ ಸಂಸ್ಥಾನದ ಸರ್ಕಾರ ಪೂರ್ವಾನುಮತಿಯಿಲ್ಲದೆ ಬೆಲೆ ಏರಿಸಕೂಡದೆಂದು ಕಟ್ಟುಮಾಡಿದ ಒಂಬತ್ತು ಪದಾರ್ಥಗಳಲ್ಲಿಯೂ ಅಕ್ಕಿಯೆಂಬುದು ಒಂದೇ ಪದ. ದೊರೆಯದ ಅಕ್ಕಿಯ ಬೆಲೆಯನ್ನು ಕಾಯುವುದರಿಂದ ಯಾರಿಗೇನು ಫಲ?

ಹಸಿದವನಿಗೆ ತಳಿಯ ಹಂಗೇಕೆ ಎಂದು ಹೊಟ್ಟೆ ತುಂಬಿದವರು ಕೇಳುತ್ತಾರೆ. ಬಾಸ್ಮತಿಗೆ ಹೊರಳುವ ಸೌಕರ್ಯ ಅವರ ಜೇಬಿನಲ್ಲಿದೆ. ಅಬುಧಾಬಿಯ ಮುಸಫ್ಫಾದ ಕಾರ್ಮಿಕರ ಕ್ಯಾಂಪಿನಲ್ಲಿ ಹತ್ತು ಮಂದಿ ಹಣ ಕೂಡಿಸಿ ಒಂದೇ ಪಾತ್ರೆಯಲ್ಲಿ ಬೇಯಿಸುವವರಿಗೆ ತಳಿ ಬದಲಾಯಿತೆಂದರೆ ತಿಂಗಳ ಲೆಕ್ಕವೇ ಬದಲಾಗುತ್ತದೆ.

ಆದುದರಿಂದ ಕೋಟಾ ಹಂಚಿದ ದೆಹಲಿಯೂ ಬೆಲೆ ಕಾಯುವ ಅಬುಧಾಬಿಯೂ ಮೊದಲು ಮಾಡಬೇಕಾದ ಕೆಲಸ ಸುಲಭವಾದದ್ದು: ಪ್ರತಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ, ಗಿರಾಕಿ ಕೇಳಿದ ಅಕ್ಕಿಯ ಹೆಸರನ್ನೂ, ಅಂಗಡಿಯವನು ‘ಇಲ್ಲ’ ಎಂದ ತಾರೀಖನ್ನೂ ಬರೆದಿಡುವ ಒಂದು ಪುಸ್ತಕವನ್ನಿರಿಸುವುದು.