ಮಿದುಳಿನ ನೀರು ಮತ್ತು ಮಂಚದ ಎತ್ತರ

ಮಿದುಳಿನಲ್ಲಿ ರಕ್ತಸ್ರಾವವಾದವರ ತಲೆಬುರುಡೆಗೆ ರಂಧ್ರ ಕೊರೆದು ನೀರು ತೆಗೆಯಬೇಕೆಂದು ವೈದ್ಯರು ಹೇಳಿದೊಡನೆ ಮನೆಯವರಿಗೆ ಕೈಕಾಲು ಆಡದಂತಾಗುತ್ತದೆ. 'ಮಿದುಳಿನ ನೀರನ್ನೇ ತೆಗೆದರೆ ಬುದ್ಧಿ ಉಳಿದೀತೇ?' ಎಂದು ನಮ್ಮ ಬಂಧುಗಳಲ್ಲೇ ಒಬ್ಬರು ಕೇಳಿದ್ದುಂಟು. ಸಹಿ ಹಾಕಲು ಊರಿನಿಂದ ಹಿರಿಯರು ಬರಲೆಂದು ಕಾದದ್ದೂ ಉಂಟು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಅವರಿಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೆ.

ಹೇಳುವುದು ಕಷ್ಟವೂ ಅಲ್ಲ. ಮಿದುಳಿನ ಒಳಗಿನ ಕುಹರಗಳಲ್ಲಿ ತಿಳಿನೀರಿನಂತಹ ದ್ರವವೊಂದು ದಿನಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಉತ್ಪತ್ತಿಯಾಗುತ್ತದೆ. ಆದರೆ ಒಂದು ಹೊತ್ತಿಗೆ ಇರುವುದು ಸುಮಾರು 150 ಮಾತ್ರ. ಮಿಕ್ಕದ್ದು ರಕ್ತಕ್ಕೆ ಮರಳುತ್ತಿರುತ್ತದೆ. ಸೋರಿದ ರಕ್ತ ಹೆಪ್ಪುಗಟ್ಟಿ ಆ ದಾರಿಯನ್ನು ಮುಚ್ಚಿದರೂ ಉತ್ಪತ್ತಿ ನಿಲ್ಲುವುದಿಲ್ಲ. ತಲೆಬುರುಡೆಯೋ ಹಿಗ್ಗದ ಪೆಟ್ಟಿಗೆ. ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ ಇದನ್ನು 1783ರಲ್ಲೇ ಬರೆದಿಟ್ಟಿದ್ದರು. ಒಳಗಿನ ಒತ್ತಡ ಏರಿದರೆ ಮಿದುಳಿಗೆ ರಕ್ತವೇ ಹತ್ತದು. ಆದ್ದರಿಂದ ತೆಳುವಾದ ನಳಿಕೆಯಿಟ್ಟು ಹೆಚ್ಚಾದುದನ್ನು ಹೊರಗೆ ಬಿಡುತ್ತಾರೆ. ಬುದ್ಧಿ ಸೋರಿಹೋಗುವುದಿಲ್ಲ, ತೆಗೆದಷ್ಟು ಮತ್ತೆ ಊರುತ್ತದೆ. ಹಾಗೆಂದು ರಕ್ತಸ್ರಾವದಿಂದ ಆಗಿಹೋದ ಹಾನಿಯನ್ನು ನಳಿಕೆ ಸರಿಪಡಿಸಲಾರದು. ನಳಿಕೆಯ ದಾರಿಯಲ್ಲಿ ಸೋಂಕು ತಗಲುವ ಅಪಾಯವೂ ಇದೆ. ವೈದ್ಯರು ಇದನ್ನೂ ಮುಚ್ಚಿಡಬಾರದು.

ನನ್ನ ಮುಖ್ಯ ಆಗ್ರಹ ಇನ್ನೊಂದಿದೆ. ದ್ರವ ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆಂದು ತರಗತಿಯಲ್ಲಿ ಗಾಜಿನ ನಳಿಗೆಗಳನ್ನಿಟ್ಟು ತೋರಿಸಿದ್ದು ನಿಮಗೆ ನೆನಪಿರಬಹುದು. (ಹಿಂದಿನ ಬೆಂಚಿನವರಿಗೆ ನೆನಪಿಲ್ಲದಿದ್ದರೆ ಅಡ್ಡಿಯಿಲ್ಲ.) ಇಲ್ಲಿಯೂ ಅದೇ ತತ್ತ್ವ. ದ್ರವ ತೊಟ್ಟಿಕ್ಕುವ ಕೊಳವೆಯನ್ನು ರೋಗಿಯ ಕಿವಿಯ ಮಟ್ಟದಿಂದ ಅಳೆದು ಇಂತಿಷ್ಟು ಸೆಂಟಿಮೀಟರ್ ಮೇಲೆ ಕಟ್ಟಿರುತ್ತಾರೆ. ಒತ್ತಡ ಆ ಎತ್ತರವನ್ನು ಮೀರಿದಾಗ ಮಾತ್ರ ದ್ರವ ಹೊರಬರುತ್ತದೆ. ಅಮ್ಮನಿಗೆ ಸುಖವಾಗಲೆಂದು ಮಗ ಮಂಚದ ತಲೆಭಾಗವನ್ನು ಎತ್ತಿದನೆನ್ನಿ, ದ್ರವ ಒಮ್ಮೆಲೇ ಹರಿದುಹೋಗಿ ಮತ್ತೆ ರಕ್ತಸ್ರಾವವಾಗಬಹುದು. ತಗ್ಗಿಸಿದರೆ ಹರಿವು ನಿಂತು ಒತ್ತಡ ಏರುತ್ತದೆ. ದಾದಿಯರು ಗಂಟೆಗಂಟೆಗೆ ನೋಡುವುದು ಇದನ್ನೇ. ಆದರೆ ಪಕ್ಕದಲ್ಲಿ ಕುಳಿತ ಮನೆಯವರಿಗೆ ಹೇಳುವವರಾರು?

ಸೊಂಟದ ಬೆನ್ನೆಲುಬಿನ ನಡುವೆ ನಳಿಕೆಯಿಟ್ಟು ದ್ರವ ತೆಗೆಯುವ ಕ್ರಮವೂ ಇದೆ. ಉಬ್ಬಿದ ರಕ್ತನಾಳ ಒಡೆದ 287 ರೋಗಿಗಳ ಮೇಲೆ ಜರ್ಮನಿ, ಸ್ವಿಟ್ಜರ್‌ಲೆಂಡ್ ಮತ್ತು ಕೆನಡಾಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಸತ್ತವರು ಅಥವಾ ಮಧ್ಯಮದಿಂದ ತೀವ್ರ ಮಟ್ಟದ ಅಂಗವೈಕಲ್ಯಕ್ಕೀಡಾದವರು ಎಂದಿನ ಚಿಕಿತ್ಸೆಯವರಲ್ಲಿ ಶೇ. 44.8 ಇದ್ದರೆ, ಗಂಟೆಗೆ 5 ಮಿಲಿಲೀಟರಿನಂತೆ ದ್ರವ ತೆಗೆಸಿಕೊಂಡವರಲ್ಲಿ ಶೇ. 32.6. 2012ರ ಬ್ರಿಟಿಷ್ ಪರೀಕ್ಷೆಯೊಂದರಲ್ಲಿ ಆರು ತಿಂಗಳಿಗೆ ಇಂತಹ ಲಾಭ ಕಂಡಿರಲಿಲ್ಲ. ಒಳಗಿನ ದಾರಿ ಮುಚ್ಚಿದವರಿಗೆ ಕೆಳಗಿನಿಂದ ತೆಗೆಯುವುದು ಅಪಾಯವೂ ಹೌದು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಆದರೆ ಒಪ್ಪಿಗೆಪತ್ರ ಕನ್ನಡದಲ್ಲಿರಲಿ. ಮಂಚದ ಬಳಿ ಗೋಡೆಯ ಮೇಲೆ, ಅಕ್ಷರ ಬಾರದವರಿಗೂ ತಿಳಿಯುವಂತೆ ಕಿವಿಯ ಮತ್ತು ಕೊಳವೆಯ ಮಟ್ಟದ ಚಿತ್ರವೊಂದಿರಲಿ. ಅದರ ಕೆಳಗೆ, 'ದಾದಿಯನ್ನು ಕೇಳದೆ ಮಂಚವನ್ನಾಗಲಿ ದಿಂಬನ್ನಾಗಲಿ ಮುಟ್ಟಬೇಡಿ' ಎಂಬ ದಪ್ಪಕ್ಷರದ ಸಾಲು. ನಿಮ್ಮಲ್ಲಿ ವೈದ್ಯರಾದವರು, ದಾದಿಯರಾದವರು ಹಲವರಿದ್ದೀರಿ. ಇದಕ್ಕೆ ಒಂದು ಹಾಳೆ ಸಾಕು.