ಕಾರಣ ಹೇಳದ ಅಧಿಕಾರಕ್ಕೆ ಕಡಿವಾಣವೆಲ್ಲಿ?



ಗಿರಣಿಯ ಜಾಬರನಾಗಲಿ ಹೋಟೆಲಿನ ಮಾಲೀಕನಾಗಲಿ "ನಾಳೆಯಿಂದ ಬರಬೇಡ" ಎಂದರೆ ನಾವು ಕೇಳುವುದೇನು? ತಪ್ಪೇನು? ಚಾರ್ಜ್‌ಶೀಟು ಎಲ್ಲಿ? ವಿಚಾರಣೆ ಯಾವಾಗ? ಹೀಗೆ ಕೇಳುವ ಹಕ್ಕು ನಮಗೆ ಭಿಕ್ಷೆಯಾಗಿ ಬಂದುದಲ್ಲ, ಹೋರಾಡಿ ಗಳಿಸಿದ್ದು. ಆದರೆ ವೀಸಾ ಕಚೇರಿಯ ಕಿಂಡಿಯ ಮುಂದೆ ಈ ಪ್ರಶ್ನೆಗಳು ನಡೆಯುವುದಿಲ್ಲ!

ಅಮೆರಿಕದ ಒಂದು ಮೊಕದ್ದಮೆಯನ್ನು ನೋಡಿರಿ. ಅಲ್ಲಿನ ಪ್ರಜೆಯಾದ ಹೆಣ್ಣುಮಗಳೊಬ್ಬಳು 2010ರಲ್ಲಿ ಎಲ್ ಸಾಲ್ವಡಾರ್ ದೇಶದವನನ್ನು ಮದುವೆಯಾದಳು. ಗಂಡ ವೀಸಾಕ್ಕಾಗಿ ತನ್ನ ದೇಶಕ್ಕೆ ಹೋದ. 2015ರಲ್ಲಿ ರಾಯಭಾರ ಕಚೇರಿಯ ಅಧಿಕಾರಿ ಕಾನೂನಿನ ಒಂದು ಕಲಮು ತೋರಿಸಿ ಅರ್ಜಿಯನ್ನು ತಳ್ಳಿಹಾಕಿದ. ಏಕೆಂದು ಹೇಳಲಿಲ್ಲ. ದಂಪತಿಗಳು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2018ರಲ್ಲಿ, ಸರ್ಕಾರ ಬಾಯಿ ಬಿಟ್ಟಿತು. ಸಂದರ್ಶನದಿಂದ, ದಾಖಲೆಗಳಿಂದ, ಮೈಮೇಲಿನ ಹಚ್ಚೆಗಳಿಂದ ಆತನು ಪಾತಕಿಗಳ ಗುಂಪಿಗೆ ಸೇರಿದವನೆಂದು ಅಧಿಕಾರಿ ನಂಬಿದ್ದನಂತೆ! ಹಚ್ಚೆಗೂ ಗುಂಪಿಗೂ ಸಂಬಂಧವಿಲ್ಲವೆಂದು ತಜ್ಞನೊಬ್ಬ ಪ್ರಮಾಣಪೂರ್ವಕವಾಗಿ ಹೇಳಿದ್ದ. ಆದರೂ 2024ರ ಜೂನ್ 21ರಂದು ಅಲ್ಲಿನ ಸುಪ್ರೀಂ ಕೋರ್ಟು, ಪರದೇಶದ ಗಂಡನನ್ನು ಒಳಗೆ ಬಿಡಿಸಿಕೊಳ್ಳುವ ಮೂಲಭೂತ ಹಕ್ಕು ಹೆಂಡತಿಗಿಲ್ಲವೆಂದು ತೀರ್ಪಿತ್ತಿತು. ಒಂಬತ್ತು ಮಂದಿಯಲ್ಲಿ ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ.

ತಮ್ಮ ಮನೆಗೆ ಯಾರನ್ನು ಕರೆಯಬೇಕೆಂಬುದು ಮನೆಯವರ ಇಷ್ಟ ಎಂದು ಕೆಲವರು ವಾದಿಸುತ್ತಾರೆ. ಇರಲಿ. ಆದರೆ ಆ ಹೆಂಡತಿ ಮನೆಯವಳಲ್ಲವೆ? ಕಿಂಡಿಯ ಹಿಂದೆ ಕುಳಿತ ಗುಮಾಸ್ತನೇ ಮನೆಯ ಯಜಮಾನನೆ?

ದೇಶದ ಭದ್ರತೆ ಎಂಬುದು ಇನ್ನೊಂದು ವಾದ. ಗುಟ್ಟಿನ ಕಾಗದವನ್ನು ಬೀದಿಯಲ್ಲಿ ಓದಿರೆಂದು ಯಾರೂ ಕೇಳುತ್ತಿಲ್ಲ. ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಓದಲಿ. ಅದಕ್ಕೂ ಹೆದರುವುದಾದರೆ ಆ ಕಾಗದದಲ್ಲಿ ಹುರುಳಿಲ್ಲವೆಂದೇ ಅರ್ಥ.

ನಮ್ಮ ದೇಶದಲ್ಲಿ ಪಾಸ್‌ಪೋರ್ಟು ಕೂಡ ಹೀಗೆಯೇ ಸರ್ಕಾರದ ಮರ್ಜಿಯ ವಸ್ತುವಾಗಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕಾನೂನಿನ ಆಧಾರವಿಲ್ಲದೆ ಪಾಸ್‌ಪೋರ್ಟನ್ನು ನಿರಾಕರಿಸಕೂಡದೆಂದಿತು. ಪಾಸ್‌ಪೋರ್ಟು ಕಾನೂನು ಹುಟ್ಟಿದ್ದು ಆ ಮೇಲೆಯೇ. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಶಪಡಿಸಿಕೊಂಡು, ಕಾರಣ ಹೇಳಲೊಲ್ಲೆವೆಂದಿತು. 1978ರಲ್ಲಿ ನ್ಯಾಯಾಲಯ, ಕ್ರಮವೆಂಬುದು ನ್ಯಾಯವೂ ಯುಕ್ತವೂ ಆಗಿರಬೇಕೆಂದು ಸಾರಿತು. ಇದರಿಂದ ದೇಶವೇನು ಮುಳುಗಿತೆ?

ಹಾಗೆಂದು ನಾವು ಬೀಗುವಂತಿಲ್ಲ. ವಿದೇಶೀಯನನ್ನು ಹೊರಹಾಕುವ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು 1955ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಹೇಳಿತ್ತು. ನಮ್ಮ ಮಕ್ಕಳು ಪರದೇಶದ ಕಿಂಡಿಯ ಮುಂದೆ ಕೇಳುವ ನ್ಯಾಯವನ್ನು ನಮ್ಮ ಕಿಂಡಿಯ ಮುಂದೆ ನಿಂತವರಿಗೂ ಕೊಡಬೇಡವೆ?

ಎಲ್ಲರಿಗೂ ವೀಸಾ ಕೊಡಿರೆಂದು ನಾವು ಹೇಳುತ್ತಿಲ್ಲ. ಕೇಳುವುದಿಷ್ಟೇ: ನಿರಾಕರಿಸಿದರೆ ಕಾರಣ ಬರೆದು ಕೊಡಿರಿ, ಆ ಕಾರಣವನ್ನು ನ್ಯಾಯಾಧೀಶರು ತೂಗಿ ನೋಡಲಿ. ತಪ್ಪೇನೆಂದು ಹೇಳದೆ ಶಿಕ್ಷಿಸುವವನು ಜಾಬರನಾದರೇನು, ರಾಯಭಾರಿಯಾದರೇನು? ಅನ್ಯಾಯ ಒಂದೇ.